ಹಡಗಿನವರು

ಅಪರಾಧಶಾಸ್ತ್ರವನ್ನೂ ಮಾಹಿತಿ ತಂತ್ರಜ್ಞಾನವನ್ನೂ ಒಟ್ಟಿಗೆ ಓದುತ್ತೇನೆಂದು ಮಗಳು ಹೇಳಿದ ದಿನ ಸೋದರಮಾವ ಚಹಾದ ಲೋಟ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ಕಳ್ಳರನ್ನೂ ಓದ್ತಾಳಂತೆ, ಕಂಪ್ಯೂಟರನ್ನೂ ಓದ್ತಾಳಂತೆ! ಕೊನೆಗೆ ಕಂಪ್ಯೂಟರ್ ಕದ್ದವನ ಕೊರಳಪಟ್ಟಿ ಹಿಡ್ಕೊಂಡು ಮನೆಗೆ ಬರ್ತಾಳೆ, ನೋಡ್ತಿರು."

ತಾಯಿ ನಗಲಿಲ್ಲ. "ಓದಲಿ ಬಿಡೋ. ಎರಡು ಕಣ್ಣಿಗೂ ಒಂದೇ ನಂಬರ್ ಇರಬೇಕು ಅಂತ ಎಲ್ಲಿದೆ?" ಎಂದಳು.

ಅವಳು ಕೆಲಸ ಮಾಡುತ್ತಿದ್ದುದು ಕನ್ನಡಕದ ಅಂಗಡಿಯಲ್ಲಿ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ ಗೋಡೆಯ ಮೇಲಿನ ಅಕ್ಷರ ಓದಿಸುವುದು, ಫ್ರೇಮಿಗೆ ಗಾಜು ಕೂರಿಸುವುದು, ಸಡಿಲವಾದ ಕಡ್ಡಿಗೆ ಸ್ಕ್ರೂ ಬಿಗಿಯುವುದು ಎಲ್ಲ ಅವಳದೇ. ಗಂಡ ತೀರಿಕೊಂಡ ಮೇಲೆ ಮನೆ ನಡೆದದ್ದು ಆ ಅಂಗಡಿಯಿಂದ. ಮಗಳ ಓದಿನ ಸುದ್ದಿ ಹೇಳದೆ ಅವಳು ಯಾವ ಗಿರಾಕಿಯ ಕಿವಿಗೂ ಕನ್ನಡಕ ಏರಿಸುತ್ತಿರಲಿಲ್ಲ. ಪಾಪ, ಅವರೂ ಎದ್ದು ಹೋಗುವಂತಿರಲಿಲ್ಲ. ಹಳೇ ಕನ್ನಡಕ ಅವಳ ಕೈಯಲ್ಲಿರುತ್ತಿತ್ತು, ಹೊಸದಿನ್ನೂ ಬಂದಿರುತ್ತಿರಲಿಲ್ಲ.

ಮಗಳಿಗೆ ಮನೆಯಲ್ಲಿ ಚಿನಕುರುಳಿ ಎಂದೇ ಹೆಸರು. ಮಾತು ಕಲಿತಾಗಿನಿಂದ ಬಾಯಿ ಚಟಪಟ. ಯಾರು ಏನೇ ಹೇಳಲಿ, "ಹೇಗೆ ಗೊತ್ತು?" ಎಂದು ಕೇಳದೆ ಬಿಟ್ಟವಳಲ್ಲ.

ವಿಶ್ವವಿದ್ಯಾಲಯದಲ್ಲಿ ಆ ಎರಡು ವಿಭಾಗಗಳ ನಡುವೆ ಒಂದು ಆಟದ ಮೈದಾನವಿತ್ತು. ಬೆಳಿಗ್ಗೆ ಈಚೆಯ ಹಳೇ ಕಟ್ಟಡದಲ್ಲಿ ಮರದ ಬೆಂಚು, ಸೀಮೆಸುಣ್ಣ, ಜೈಲು, ನ್ಯಾಯಾಲಯ, ಮನುಷ್ಯ ಯಾಕೆ ಕೆಡುತ್ತಾನೆ ಎಂಬ ಚರ್ಚೆ. ಮಧ್ಯಾಹ್ನ ಮೈದಾನ ದಾಟಿ ಆಚೆ ಹೋದರೆ ಹಲ್ಲು ಕಟಕಟ ಎನ್ನುವಷ್ಟು ತಣ್ಣಗಿನ ಲ್ಯಾಬು, ಸಾಲಾಗಿ ಪರದೆಗಳು. ಎರಡನ್ನೂ ಓದುವವರು ಬೆರಳೆಣಿಕೆಯಷ್ಟು ಮಂದಿ. ಇವರನ್ನು ಈಚೆಯವರು "ವೈರಿನವರು" ಎಂದು ಕರೆದರೆ, ಆಚೆಯವರು ಇವರು ಬಾಗಿಲಲ್ಲಿ ಕಂಡ ಕೂಡಲೇ "ಪೊಲೀಸ್ ಬಂದ್ರು, ಎಲ್ಲ ಮುಚ್ಚಿಡ್ರೋ" ಎನ್ನುತ್ತಿದ್ದರು.

ಈಚೆ ಪಾಠ ಹೇಳುತ್ತಿದ್ದ ಮೇಡಂ ಹಿಂದೆ ಹೆಂಗಸರ ಜೈಲಿನ ಅಧಿಕಾರಿಯಾಗಿದ್ದವರು. ಅವರು ಯಾವತ್ತೂ ದನಿ ಎತ್ತಿದವರಲ್ಲ. "ತಪ್ಪು ಯಾರು ಮಾಡಿದ್ರು ಅನ್ನೋದು ಸುಲಭ. ಆ ಜಾಗಕ್ಕೆ ಅವರು ಹೇಗೆ ಬಂದ್ರು ಅಂತ ಕೇಳಿ" ಎನ್ನುತ್ತಿದ್ದರು. ಆಚೆಯ ಮೇಷ್ಟ್ರಿಗೆ ಆ ತಾಪತ್ರಯವೇ ಬೇಡ. "ಯಾವಾಗ, ಎಲ್ಲಿಂದ, ಯಾವ ಯಂತ್ರದಿಂದ. ಇಷ್ಟು ಹೇಳಿ. ಮಿಕ್ಕಿದ್ದು ವಕೀಲರು ನೋಡ್ಕೋತಾರೆ." ಚಿನಕುರುಳಿಯ ಒಲವು ಒಳಗೊಳಗೇ ಮೇಷ್ಟ್ರ ಕಡೆಗಿತ್ತು. ಯಂತ್ರಕ್ಕೆ ಅಳು ಬರುವುದಿಲ್ಲ, ಮರೆವು ಬರುವುದಿಲ್ಲ. ಅದು ಹೇಳಿದ್ದನ್ನು ನಂಬಬಹುದು ಎಂದು ಅವಳ ಲೆಕ್ಕ.

ಕೊನೆಯ ವರ್ಷ ಶುರುವಾಗುವ ಹೊತ್ತಿಗೆ ತಾಯಿಯ ಜೀವನದೊಳಗೆ ಹಡಗಿನವರು ಬಂದಿದ್ದರು.

ಮೊದಲು ಅವಳು ಮುಚ್ಚುಮರೆ ಇಲ್ಲದೆ ಹೇಳಿದಳು. ಫೋನಿನಲ್ಲಿ ಯಾರೋ ನಮಸ್ಕಾರ ಎಂದು ಕಳಿಸಿದ್ದರಂತೆ. ಸರಕು ಸಾಗಿಸುವ ಹಡಗಿನಲ್ಲಿ ಇಂಜಿನಿಯರಂತೆ. ಹೆಂಡತಿ ಹೋಗಿಬಿಟ್ಟಿದ್ದಾರಂತೆ. ಫೋಟೋದಲ್ಲಿ ಅರೆನೆರೆತ ಕೂದಲಿನ, ಬಿಳಿ ಅಂಗಿಯ ಒಬ್ಬ ಗಂಡಸು ಹಡಗಿನ ಕಟಕಟೆಗೆ ಒರಗಿ ನಿಂತಿದ್ದ.

"ಹಡಗಿನವರು ಹೇಳಿದ್ರು, ಸಮುದ್ರದ ಮಧ್ಯೆ ಹೋದ್ರೆ ಒಂದು ಹಕ್ಕಿನೂ ಕಾಣಲ್ವಂತೆ" ಎಂದಳು ಒಂದು ದಿನ ಊಟಕ್ಕೆ ಕೂತಾಗ.

"ಅಮ್ಮ, ಅವನು ಹಡಗಿನವನೂ ಅಲ್ಲ, ದಡದವನೂ ಅಲ್ಲ. ನಾವು ಕ್ಲಾಸಲ್ಲಿ ದಿನಾ ಇದನ್ನೇ ಓದೋದು."

ಮಾರನೆಯ ದಿನವೇ ಅವಳು ಆ ಫೋಟೋ ಯಾರದೆಂದು ಹುಡುಕಿ ತಂದಳು. ಯಾವುದೋ ಊರಿನ ಹಲ್ಲಿನ ಡಾಕ್ಟರು ರಜೆಯಲ್ಲಿ ದೋಣಿ ಹತ್ತಿದಾಗ ತೆಗೆಸಿಕೊಂಡದ್ದು. ಪಕ್ಕದಲ್ಲಿ ಅವರ ಹೆಂಡತಿಯೂ ಇದ್ದರು. ಇಲ್ಲಿ ಅವರನ್ನು ಕತ್ತರಿಸಿ ತೆಗೆದಿದ್ದರು. ತಾಯಿ ಎರಡೂ ಫೋಟೋಗಳನ್ನು ಬಹಳ ಹೊತ್ತು ನೋಡಿದಳು. ಕಣ್ಣು ಪರೀಕ್ಷೆ ಮಾಡುವವಳಂತೆ ಹತ್ತಿರ ತಂದಳು, ದೂರ ಹಿಡಿದಳು.

"ಹೌದು, ನೀನು ಹೇಳಿದ್ದೇ ಸರಿ. ಬಿಡ್ತೀನಿ" ಎಂದಳು.

ಆದರೆ ಬಿಡಲಿಲ್ಲ. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಫೋನ್ ಅವಳ ಕೈಯಲ್ಲಿರುತ್ತಿತ್ತು. ಒಬ್ಬಳೇ ನಗುತ್ತಿದ್ದಳು. ಒಮ್ಮೊಮ್ಮೆ ಮುಖ ಸಪ್ಪೆ ಮಾಡಿಕೊಂಡು ಡಬ್ಬಿಯ ಮುಚ್ಚಳ ಮತ್ತೆ ಹಾಕುತ್ತಿದ್ದಳು. ಗಂಡ ಹೋದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಯಾರಿಗೋ ಕಾಯುವ ಕಳೆ ಬಂದಿತ್ತು. ಮಗಳ ಕಣ್ಣಿಗೆ ಅದು ಬೀಳದೆ ಇರಲಿಲ್ಲ.

ಒಂದು ಭಾನುವಾರ ತಾಯಿ ಸ್ನಾನಕ್ಕೆ ಹೋಗಿದ್ದಾಗ ಮಗಳು ಫೋನ್ ತೆರೆದಳು. ಮಾಡಬಾರದೆಂದು ಗೊತ್ತಿತ್ತು, ಆದರೂ ತೆರೆದಳು. ಕಣ್ಣಿಗೆ ಬಿದ್ದದ್ದು ತಾಯಿಯ ಸಾಲು: "ಮುಂದಿನ ತಿಂಗಳು ಖಂಡಿತ ಕಳಿಸ್ತೀನಿ. ನೀವು ಬೇಸರ ಮಾಡ್ಕೋಬೇಡಿ."

ಮಾತುಕತೆಯನ್ನೆಲ್ಲ ಅವಳು ತನ್ನ ಯಂತ್ರಕ್ಕೆ ನಕಲು ಮಾಡಿಕೊಂಡಳು. ನಡುನಡುವೆ ಸಾಲುಗಟ್ಟಲೆ "ಈ ಸಂದೇಶವನ್ನು ಅಳಿಸಲಾಗಿದೆ" ಎಂದಿತ್ತು. ಸಾಕ್ಷಿ ಉಳಿಯದಂತೆ ಮೋಸಗಾರರು ಹೀಗೆ ಮಾಡುತ್ತಾರೆಂದು ಪಾಠದಲ್ಲಿ ಬಂದಿತ್ತು. ಅಳಿಸಿದ ಸಾಲುಗಳಿಂದ ಲೆಕ್ಕಕ್ಕೆ ಏನೂ ಸಿಗುವುದಿಲ್ಲ ಎಂದು ಅವುಗಳನ್ನು ತೆಗೆದುಹಾಕಿ ಉಳಿದದ್ದನ್ನು ಇಟ್ಟುಕೊಂಡಳು.

ಆ ವರ್ಷದ ಪ್ರಾಜೆಕ್ಟಿಗೆ ಅದೇ ವಿಷಯವಾಯಿತು. ಅವಳು ಬರೆದ ಪ್ರೋಗ್ರಾಮು ಹಡಗಿನವರ ಮಾತುಗಳನ್ನು, ಮೋಸಹೋದವರು ಅಂತರ್ಜಾಲದಲ್ಲಿ ಹಾಕಿದ್ದ ಬೇರೆ ಸುಳ್ಳು ಖಾತೆಗಳ ಮಾತುಗಳೊಂದಿಗೆ ಹೋಲಿಸಿ ನೋಡಿತು. ವಾಕ್ಯಗಳು ಅಕ್ಷರ ಅಕ್ಷರಕ್ಕೆ ಹೊಂದಿದವು. ಒಂದು ಕಡೆ ಹಡಗಿನ ಇಂಜಿನಿಯರ್, ಇನ್ನೊಂದು ಕಡೆ ಸೇನೆಯ ವೈದ್ಯ, ಮತ್ತೊಂದು ಕಡೆ ಸೇತುವೆ ಕಟ್ಟುವ ಗುತ್ತಿಗೆದಾರ. ಎಲ್ಲರ ಹೆಂಡತಿಯರೂ ಸತ್ತಿದ್ದರು, ಎಲ್ಲರೂ ಒಂದೇ ಮಾತಿನಲ್ಲಿ ದುಃಖ ಹೇಳಿಕೊಳ್ಳುತ್ತಿದ್ದರು. ಎಲ್ಲರೂ ಒಂದೇ ಹೊತ್ತಿಗೆ ಬರೆಯಲು ಕೂರುತ್ತಿದ್ದರು, ಒಂದೇ ಹೊತ್ತಿಗೆ ಊಟಕ್ಕೆ ಏಳುತ್ತಿದ್ದರು. ಸಮುದ್ರದ ಮೇಲಿರುವವನಿಗೂ ಬೆಟ್ಟದ ಮೇಲಿರುವವನಿಗೂ ಹಸಿವು ಒಟ್ಟಿಗೆ ಆಗುತ್ತಿತ್ತು. ಇದೆಲ್ಲ ಒಂದೇ ಕಟ್ಟಡದಲ್ಲಿ ಪಾಳಿಯ ಮೇಲೆ ನಡೆಯುವ ಕೆಲಸ ಎಂದು ಅವಳು ಬರೆದಳು.

ಬರೆದು ಸುಮ್ಮನಿರಲಿಲ್ಲ. ತಾಯಿ ಹೇಳಿದ "ಮುಂದಿನ ತಿಂಗಳು" ಹತ್ತಿರ ಬರುತ್ತಿತ್ತು. ಸಾಕ್ಷಿಗಳನ್ನೆಲ್ಲ ಕಟ್ಟಿ ಆ ಖಾತೆಗಳಿದ್ದ ಆ್ಯಪಿನ ಕಂಪನಿಗೂ ಸೈಬರ್ ಪೊಲೀಸರಿಗೂ ಕಳಿಸಿಬಿಟ್ಟಳು. ಪೊಲೀಸರಿಂದ ದೂರು ತಲುಪಿದೆ ಎಂಬ ಒಂದು ಸಾಲು ಬಂತು. ಕಂಪನಿ ಮಾತ್ರ ಒಂದು ಬೆಳಿಗ್ಗೆ ಆ ಖಾತೆಗಳನ್ನೆಲ್ಲ ಒಟ್ಟಿಗೆ ಮುಚ್ಚಿತು.

ಮಾರನೆಯ ದಿನ ಅವಳು ಆಚೆಯ ಲ್ಯಾಬಿನಲ್ಲಿ ತರಗತಿಯ ಮುಂದೆ ನಿಂತು ಅದನ್ನು ವಿವರಿಸಿದಳು. ಎರಡೂ ವಿಭಾಗದವರು ಬಂದಿದ್ದರು. ಆಚೆಯ ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಹಾಗೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಚಪ್ಪಾಳೆ ನಿಂತ ಮೇಲೆ ಮೇಡಂ ಕೇಳಿದರು:

"ಒಟ್ಟಿಗೆ ಊಟಕ್ಕೆ ಏಳ್ತಾರೆ, ಒಟ್ಟಿಗೆ ಕೂರ್ತಾರೆ ಅಂದೆ. ವಾರಕ್ಕೆ ಒಂದು ದಿನ ಆದ್ರೂ ರಜೆ ತಗೋತಾರಾ?"

"ಇಲ್ಲ ಮೇಡಂ. ಒಂದು ದಿನಾನೂ ಇಲ್ಲ."

"ಯಾರಾದ್ರೂ ತಡವಾಗಿ ಬರೋದು, ಬೇಗ ಏಳೋದು?"

"ಇಲ್ಲ ಮೇಡಂ. ಅಷ್ಟು ಶಿಸ್ತು. ಯಾವ ಆಫೀಸಲ್ಲೂ ಇರಲ್ಲ."

"ಆಫೀಸಲ್ಲಿ ಇರಲ್ಲ" ಎಂದರು ಮೇಡಂ. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, "ದೂರು ಕಳಿಸಿ ಆಯ್ತಾ?" ಎಂದು ಕೇಳಿದರು.

"ಆಯ್ತು ಮೇಡಂ. ನಿನ್ನೆ ಬೆಳಿಗ್ಗೆ ಎಲ್ಲ ಮುಚ್ಚಿದ್ರು."

ಮೇಡಂ ತಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕೂತರು.

ಸಂಜೆ ಅವಳು ಮನೆಗೆ ಬಂದಾಗ ತಾಯಿ ಅಡುಗೆಮನೆಯಲ್ಲಿ ನಿಂತಿದ್ದಳು. ಒಲೆ ಹಚ್ಚಿರಲಿಲ್ಲ.

"ಬಂದ್ಯಾ? ನಿನ್ನೆಯಿಂದ ಹಡಗಿನವರು ಕಾಣ್ತಾನೇ ಇಲ್ಲ. ಅಂಥ ಖಾತೆಯೇ ಇಲ್ಲ ಅನ್ನುತ್ತೆ. ಫೋನ್ ಕೆಟ್ಟಿದೆಯಾ ನೋಡು."

"ಫೋನ್ ಚೆನ್ನಾಗಿದೆ ಅಮ್ಮ. ಕೂತ್ಕೋ, ಹೇಳ್ತೀನಿ."

ಮಗಳು ಎಲ್ಲ ಹೇಳಿದಳು. ಆದಷ್ಟು ಮೆತ್ತಗೆ ಹೇಳಿದಳು. ತಾನು ಕದ್ದು ನೋಡಿದ್ದಕ್ಕೆ ಕ್ಷಮೆ ಕೇಳಿದಳು. ನಿನ್ನಂಥ ಎಷ್ಟೋ ಜನ ಈಗ ಬಚಾವಾದರು ಎಂದಳು. ತಾಯಿ ಅಳುತ್ತಾಳೆ, ಕೂಗಾಡುತ್ತಾಳೆ, ಆಮೇಲೆ ಸಮಾಧಾನ ಆಗುತ್ತಾಳೆ ಎಂದು ಅವಳು ಅಂದುಕೊಂಡಿದ್ದಳು. ತಾಯಿ ಅದ್ಯಾವುದನ್ನೂ ಮಾಡಲಿಲ್ಲ.

"ಯಾರನ್ನ ಕೇಳಿ ಮಾಡಿದೆ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ. ಕೈಮುಗಿದು ಬೇಡ ಅಂತಿದ್ದೆ." ತಾಯಿ ನೆಲದ ಮೇಲೆ ಕೂತಳು. "ಅದು ಗಂಡಸಲ್ಲ ಕಣೇ. ನಿನ್ನ ವಯಸ್ಸಿನ ಹುಡುಗಿ. ಅವಳನ್ನ ಕೂಡಿಹಾಕಿದ್ದಾರೆ."

ಮಗಳ ಬಾಯಿಂದ ಮೊದಲು ಬಂದದ್ದು ಪಾಠವೇ. "ಅದೂ ಒಂದು ವರಸೆ ಅಮ್ಮ. ಕಷ್ಟದಲ್ಲಿದೀನಿ ಅಂತ ಹೇಳಿ ಮನಸ್ಸು ಕರಗಿಸ್ತಾರೆ."

"ಅವಳು ಹೇಳ್ಲಿಲ್ಲ. ನಾನು ಬಾಯಿ ಬಿಡಿಸಿದ್ದು."

ಆಮೇಲೆ ತಾಯಿ ಹೇಳಿದ್ದು ಇದು. ಫೋಟೋ ಹಲ್ಲಿನ ಡಾಕ್ಟರದು ಎಂದು ಗೊತ್ತಾದ ಮೇಲೆ ಅವಳು ನಿಜಕ್ಕೂ ಮಾತು ನಿಲ್ಲಿಸುವುದರಲ್ಲಿದ್ದಳು. ಬೈದು ಒಂದು ಸಾಲು ಬರೆದು ಮುಗಿಸೋಣ ಎಂದು ಫೋನ್ ತೆರೆದಾಗ ಹಡಗಿನವರಿಂದ ಒಂದು ಸಾಲು ಬಂತು: "ಇವತ್ತು ಒಬ್ಬಳೇ ಕೂತು ಊಟ ಮಾಡಿದೆ." ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಅದು ಅಳಿಸಿಹೋಯಿತು. ಅದರ ಜಾಗದಲ್ಲಿ "ಒಬ್ಬನೇ" ಎಂದು ತಿದ್ದಿದ ಸಾಲು ಬಂತು. ಜೀವನವಿಡೀ ಜನ ಗೋಡೆಯ ಮೇಲಿನ ಅಕ್ಷರ ತಪ್ಪಾಗಿ ಓದುವುದನ್ನು ಕೇಳಿಸಿಕೊಂಡವಳು ಅವಳು. ಆ ಒಂದು ಅಕ್ಷರ ಅವಳ ಕಣ್ಣು ತಪ್ಪಲಿಲ್ಲ. "ನೀನು ಹೆಣ್ಣುಮಗಳಲ್ವಾ?" ಎಂದು ಬರೆದಳು. ಒಂದೆರಡು ದಿನ ಉತ್ತರವಿಲ್ಲ. ಆಮೇಲೆ ಬಂತು: "ಹೌದು ಅಮ್ಮ." ಅದೂ ತಕ್ಷಣ ಅಳಿಸಿಹೋಯಿತು. ತಾಯಿಯೂ ತನ್ನ ಪ್ರಶ್ನೆಯನ್ನು ಅಳಿಸಿದಳು; ಅಲ್ಲಿಂದ ಮುಂದೆ ನಿಜವಾದ ಮಾತನ್ನೆಲ್ಲ ಇಬ್ಬರೂ ಓದಿದ ಕೂಡಲೇ ಅಳಿಸುತ್ತಿದ್ದರು.

ಕೆಲಸವಿದೆ, ಕಂಪ್ಯೂಟರಿನಲ್ಲಿ ಟೈಪ್ ಮಾಡುವುದಷ್ಟೇ ಎಂಬ ಜಾಹೀರಾತು ನೋಡಿ ಹೋದ ಹುಡುಗಿ. ಹೋದ ದಿನವೇ ಫೋನು, ಗುರುತಿನ ಚೀಟಿ ಎಲ್ಲ ಕಸಿದುಕೊಂಡರು. ದಿನವಿಡೀ ಗಂಡಸಿನಂತೆ ಬರೆಯಬೇಕು. ಯಾರಿಂದಲೂ ದುಡ್ಡು ಬರುವ ಭರವಸೆ ಇಲ್ಲವೆಂದರೆ ಹೊಡೆತ, ಊಟವಿಲ್ಲ. ಮನೆಯೆಂದು ಅವಳಿಗಿದ್ದದ್ದು ಚಿಕ್ಕಮ್ಮನದು; ಹೋದಳಲ್ಲ, ಸದ್ಯ, ಎಂದು ಅವರು ಸುಮ್ಮನಿರುತ್ತಾರೆ, ಹುಡುಕುವುದಿಲ್ಲ.

"ಅವಳು ಒಂದು ಗುರುತು ಹೇಳಿಕೊಟ್ಟಿದ್ಲು. 'ಸಮುದ್ರ ಇವತ್ತು ಜೋರಾಗಿದೆ' ಅಂತ ಬರೆದ್ರೆ ಹಿಂದೆ ಯಾರೋ ನಿಂತಿದ್ದಾರೆ ಅಂತ. ಆಗ ನಾನು ಪ್ರೀತಿ ಮಾಡೋ ಹೆಂಗಸಿನ ಥರ ಬರೀಬೇಕು. ಮುಂದಿನ ತಿಂಗಳು ದುಡ್ಡು ಕಳಿಸ್ತೀನಿ ಅನ್ಬೇಕು. ಹಾಗಂದ್ರೆ ಅವಳಿಗೆ ಆ ದಿನ ಹೊಡೀತಿರ್ಲಿಲ್ಲ. ಎಂಥೆಂಥ ಮಾತು ಬರೆದಿದೀನಿ ಗೊತ್ತಾ, ನಿಮ್ಮಪ್ಪನಿಗೂ ಹಾಗೆ ಬರೆದವಳಲ್ಲ ನಾನು. ಆಮೇಲೆ ಇಬ್ರೂ ನಗ್ತಿದ್ವಿ. ಅವಳು ನಗ್ತಿದ್ದಾಳೆ ಅಂತ ಬರೆದೇ ತಿಳಿಸ್ತಿದ್ಲು, ಪಾಪ."

"ನಂಗ್ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ನೀನು ದೂರು ಕೊಡ್ತೀಯ ಅಂತ. ಖಾತೆ ಮುಚ್ಚಿಹೋದ್ರೆ ಅದರಲ್ಲಿ ಬರೆಯೋರನ್ನ ಬೇರೆಯವರಿಗೆ ಮಾರಿಬಿಡ್ತಾರಂತೆ. ಅವಳು ಅದೊಂದಕ್ಕೇ ಹೆದರ್ತಿದ್ಲು. ಜಾಗದ ಹೆಸರು ಪತ್ತೆ ಮಾಡ್ತೀನಿ ಅಮ್ಮ, ಸ್ವಲ್ಪ ತಾಳಿ ಅಂದಿದ್ಲು. ಹೆಸರು ಸಿಕ್ಕ ದಿನ ನಿಂಗೇ ಮೊದಲು ಹೇಳೋಣ ಅಂತಿದ್ದೆ. ನೀನು ಓದಿದವಳು, ನಿಂಗೆ ದಾರಿ ಗೊತ್ತಿರುತ್ತೆ ಅಂತ ಅವಳಿಗೂ ಹೇಳಿದ್ದೆ."

ಒಟ್ಟಿಗೆ ಏಳುವುದು, ಒಟ್ಟಿಗೆ ಕೂರುವುದು, ರಜೆಯೇ ಇಲ್ಲದಿರುವುದು. ಜೈಲಿನಲ್ಲಿ ಕೆಲಸ ಮಾಡಿದ ಮೇಡಂ ಯಾಕೆ ಹಾಗೆ ಕೇಳಿದರೆಂದು ಮಗಳಿಗೆ ಆಗ ತಿಳಿಯಿತು. ತಾನು ಕಿತ್ತುಹಾಕಿದ, ಏನೂ ಇಲ್ಲವೆಂದುಕೊಂಡ ಸಾಲುಗಳಲ್ಲೇ ಆ ಹುಡುಗಿ ಇದ್ದಳು. ಅವಳು ತಾಯಿಯ ಪಕ್ಕ ಕೂತು ಕೈ ಹಿಡಿಯಲು ಹೋದಳು. ತಾಯಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಬೆಳಿಗ್ಗೆ ಇಬ್ಬರೂ ಮೇಡಂ ಹತ್ತಿರ ಹೋದರು. ಕಿಷ್ಕಿಂಧೆಯಂಥ ಕೋಣೆ, ಕಪಾಟಿನ ತುಂಬ ಫೈಲು, ಮೇಜಿನ ಮೇಲೆ ತಣ್ಣಗಾದ ಚಹಾ. ಮೇಡಂ ತಾಯಿಯನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ ತಾವು ಸ್ಟೂಲಿನ ಮೇಲೆ ಕೂತರು.

"ಅಮ್ಮ, ಅವಳು ಬರೆದದ್ದು ಏನೇನು ನೆನಪಿದೆಯೋ ಎಲ್ಲ ಹೇಳಿ. ಚಿಕ್ಕದು, ದೊಡ್ಡದು ಅಂತ ನೋಡ್ಬೇಡಿ."

ತಾಯಿ ಹೇಳುತ್ತಾ ಹೋದಳು. ಕಿಟಕಿಯ ಗಾಜಿಗೆಲ್ಲ ಕಪ್ಪು ಬಣ್ಣ ಬಳಿದಿದ್ದಾರೆ. ಒಂದು ಮೂಲೆಯಲ್ಲಿ ಹುಡುಗಿ ಉಗುರಿನಲ್ಲಿ ಕೆರೆದು ಗುಂಡಿಯಷ್ಟು ಅಗಲ ಬಣ್ಣ ತೆಗೆದಿದ್ದಾಳೆ. ಅದರಿಂದ ಹಳದಿ ಬಣ್ಣದ ನೀರಿನ ಟ್ಯಾಂಕು ಕಾಣುತ್ತದೆ. ಬೆಳಿಗ್ಗೆ ಎಲ್ಲೋ ಸೈರನ್ ಕೂಗುತ್ತದೆ. ಸುಟ್ಟ ರಬ್ಬರಿನ ವಾಸನೆ. ಹಗಲೆಲ್ಲ ಲಾರಿಗಳು ಹಿಂದಕ್ಕೆ ಬರುವಾಗ ಮಾಡುವ ಕೀಂ ಕೀಂ ಸದ್ದು. ಊಟ ತರುವವನಿಗೆ ಕೆಮ್ಮು.

"ಹೆಸರು?"

"ಹೆಸರು ಬೇಡ ಅಮ್ಮ, ಹೊರಗೆ ಬಂದಮೇಲೆ ಎದುರಿಗೆ ಕೂತು ಹೇಳ್ತೀನಿ ಅಂದಿದ್ಲು. ಮುಖಾನೂ ಗೊತ್ತಿಲ್ಲ ನಂಗೆ. ನಾನು ಮಗಳೇ ಅಂತ ಕರೀತಿದ್ದೆ. ಅಷ್ಟೇ."

ಮೇಡಂ ತಮ್ಮ ಹಳೆಯ ಪರಿಚಯದ ಪೊಲೀಸ್ ಅಧಿಕಾರಿಗಳಿಗೆಲ್ಲ ಫೋನ್ ಮಾಡಿದರು. ಆಚೆಯ ಮೇಷ್ಟ್ರು ಮೈದಾನ ದಾಟಿ ಈಚೆ ಬಂದರು. ಅಷ್ಟು ವರ್ಷದಲ್ಲಿ ಅವರು ಆ ಕಟ್ಟಡದ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕೆಲವು ವಾರಗಳಾದ ಮೇಲೆ ಪೊಲೀಸರು ಕಂಪನಿಯಿಂದ ಆ ಖಾತೆಗಳ ಸಂಪರ್ಕದ ಜಾಡು ತರಿಸಿದರು. ಅದು ಒಂದು ನಗರದ ತನಕ ಕರೆದುಕೊಂಡು ಹೋಗಿ ಅಲ್ಲಿ ನಿಂತಿತು. ಚಿನಕುರುಳಿ ಆ ನಗರದ ನಕ್ಷೆಗಳನ್ನು ಹರಡಿಕೊಂಡು ಕೂತಳು. ಸೈರನ್ ಇರುವ ಕಾರ್ಖಾನೆ, ಟೈರು ಸುಡುವ ಜಾಗ, ಲಾರಿ ನಿಲ್ಲುವ ಅಂಗಳ, ಹಳದಿ ಟ್ಯಾಂಕು. ಊಟ ತಿಂಡಿ ಬಿಟ್ಟು, ತಾಯಿ ಮಾತಾಡಿಸದಿದ್ದರೂ ತಾನೇ ಹೋಗಿ ಮತ್ತೆ ಮತ್ತೆ ಕೇಳಿ, ಕೊನೆಗೆ ಒಂದು ಹಳೇ ಗೋದಾಮಿನ ಮೇಲೆ ಬೆರಳಿಟ್ಟಳು.

ಪೊಲೀಸರು ಹೋದರು. ಕಟ್ಟಡ ಅದೇ. ಕಿಟಕಿಗೆ ಕಪ್ಪು ಬಣ್ಣವಿತ್ತು, ಮೂಲೆಯಲ್ಲಿ ಕೆರೆದ ಗುರುತೂ ಇತ್ತು. ಒಳಗೆ ಉದ್ದುದ್ದ ಮೇಜುಗಳು, ಕತ್ತರಿಸಿದ ವೈರು, ನೆಲದ ಮೇಲೆ ಹಾಸಿಗೆಗಳು, ಒಂದು ತಲೆ ಬಾಚುವ ಹಣಿಗೆ. ಮನುಷ್ಯರು ಮಾತ್ರ ಒಬ್ಬರೂ ಇರಲಿಲ್ಲ. ಖಾಲಿ ಮಾಡಿ ವಾರಗಳಾಗಿವೆ ಎಂದು ಪಕ್ಕದ ಲಾರಿಯವರು ಹೇಳಿದರಂತೆ.

ಆ ಸುದ್ದಿಯನ್ನು ಮೇಡಂ ಫೋನಿನಲ್ಲಿ ಹೇಳಲಿಲ್ಲ, ಅಂಗಡಿಗೇ ಬಂದರು. ತಾಯಿ ಆಗ ಒಬ್ಬ ಮುದುಕರ ಕನ್ನಡಕಕ್ಕೆ ಗಾಜು ಕೂರಿಸುತ್ತಿದ್ದಳು. ಕೇಳಿಸಿಕೊಂಡು, ಕೆಲಸ ಮುಗಿಸಿ, ಅವರ ಕಿವಿಗೆ ಕನ್ನಡಕ ಏರಿಸಿ, "ಸರಿಯಾಗಿ ಕಾಣುತ್ತಾ?" ಎಂದು ಕೇಳಿದಳು. ಕಾಣುತ್ತದೆ ಎಂದು ಅವರು ಹೇಳಿ ಹೋದ ಮೇಲೆ ಒಳಗೆ ಕಣ್ಣು ಪರೀಕ್ಷೆಯ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮನೆಯಲ್ಲಿ ಮಾತು ಬೇಕಾದಷ್ಟೇ ಆಯಿತು. ಹಾಲು ತಂದ್ಯಾ, ತಂದೆ. ಬಾಗಿಲು ಹಾಕಿದ್ಯಾ, ಹಾಕಿದೆ. ಸೋದರಮಾವ ಬಂದು ಏನೋ ತಮಾಷೆ ಮಾಡಲು ಹೋಗಿ, ಇಬ್ಬರ ಮುಖ ನೋಡಿ, ಅರ್ಧಕ್ಕೇ ನಿಲ್ಲಿಸಿದರು.

ಪ್ರಾಜೆಕ್ಟನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಓದೇ ಬೇಡ ಎಂದು ಚಿನಕುರುಳಿ ಮೇಡಂ ಮುಂದೆ ಅತ್ತಳು.

"ತಗೋಬೇಡ" ಎಂದರು ಮೇಡಂ. "ನೀನು ಬರೆದದ್ದು ಸುಳ್ಳಲ್ಲ, ಅರ್ಧ. ಇನ್ನರ್ಧ ಬರಿ. ನಿನ್ನಮ್ಮನ ಹತ್ರ ಕೂತು ಬರಿ."

"ಅಮ್ಮ ನನ್ನ ಹತ್ರ ಕೂರಲ್ಲ ಮೇಡಂ."

"ಕೂರೋತನಕ ಕಾಯಿ. ನಾನಾದ್ರೂ ಏನು ಮಾಡಿದೆ? ಆ ದಿನ ನಂಗೆ ಅನುಮಾನ ಬಂತು, ಆದ್ರೂ ಮನೆಗೆ ಹೋಗಿ ಊಟ ಮಾಡಿ ಮಲಗಿದೆ."

ಪರೀಕ್ಷೆಗೆ ಸ್ವಲ್ಪ ಮುಂಚೆ ಒಂದು ಸುದ್ದಿ ಬಂತು. ಹೆದ್ದಾರಿಯಲ್ಲಿ ತಡೆದ ಒಂದು ಮುಚ್ಚಿದ ವ್ಯಾನಿನಲ್ಲಿ ಅಂಥದೇ ಕೆಲಸಕ್ಕೆ ಸಾಗಿಸುತ್ತಿದ್ದ ಕೆಲವರು ಸಿಕ್ಕಿದ್ದರು. ಅವರನ್ನು ಒಂದು ಆಶ್ರಯ ಮನೆಯಲ್ಲಿ ಇರಿಸಿದ್ದರು. ಮೇಡಂ ಅನುಮತಿ ಕೊಡಿಸಿದರು. ತಾಯಿ, ಮಗಳು ಬಸ್ಸು ಹತ್ತಿ ಹೋದರು. ತಾಯಿ ಜೊತೆಗೆ ಅಂಗಡಿಯ ಪೆಟ್ಟಿಗೆಯನ್ನೂ ತೆಗೆದುಕೊಂಡಿದ್ದಳು. "ಅಷ್ಟು ಕಾಲ ಪರದೆ ನೋಡಿದವರ ಕಣ್ಣು ಹಾಳಾಗಿರುತ್ತೆ. ಬರಿಗೈಯಲ್ಲಿ ಹೋಗಿ ಪ್ರಶ್ನೆ ಕೇಳೋಕೆ ನಂಗಾಗಲ್ಲ" ಎಂದಳು.

ಸುಣ್ಣ ಬಳಿದ ಹಜಾರದಲ್ಲಿ ಅವಳು ಒಬ್ಬೊಬ್ಬರನ್ನೇ ಕೂರಿಸಿ ಕಣ್ಣು ನೋಡಿದಳು. ನೋಡುತ್ತಾ, ಸಣ್ಣ ದನಿಯಲ್ಲಿ, ಹಡಗಿನವರಾಗಿ ಬರೆಯುತ್ತಿದ್ದದ್ದು ಯಾರು ಗೊತ್ತಾ ಎಂದು ಕೇಳಿದಳು. ತಲೆಯಲ್ಲಾಡಿಸಿದವರೇ ಎಲ್ಲ. ಕೊನೆಗೆ ಬಂದವಳು, ಹಿಂದೆ ಹೋಟೆಲೊಂದರ ಸ್ವಾಗತ ಮೇಜಿನಲ್ಲಿದ್ದವಳು, ಪ್ರಶ್ನೆ ಕೇಳಿಸಿಕೊಂಡು ನೆಟ್ಟಗೆ ಕೂತಳು.

"ನೀವು ಕನ್ನಡಕದ ಅಮ್ಮ ಅಲ್ವಾ?"

ತಾಯಿಯ ಕೈಯಲ್ಲಿದ್ದ ಗಾಜು ಪೆಟ್ಟಿಗೆಗೆ ಬಿತ್ತು.

"ನನ್ನ ಪಕ್ಕದ ಕುರ್ಚಿ ಅವಳದು. ನಿಮ್ಮ ಸಂದೇಶ ಬಂದ್ರೆ ಮೊಣಕೈಯಿಂದ ತಿವಿದು ತೋರಿಸ್ತಿದ್ಲು. ಒಂದು ದಿನ ಬೆಳಿಗ್ಗೆ ಪರದೆಗಳೆಲ್ಲ ಒಟ್ಟಿಗೆ ಹೋದ್ವು. ಖಾತೆ ಹೋದವರನ್ನೆಲ್ಲ ಎರಡು ಗುಂಪು ಮಾಡಿ, ಬೇರೆ ಬೇರೆ ಗಾಡೀಲಿ ಹಾಕಿದ್ರು. ನಾನು ಹತ್ತಿದ್ದು ಒಂದು, ಅವಳು ಇನ್ನೊಂದು. ನಮ್ಮನ್ನ ಅಲ್ಲಿ ಇಲ್ಲಿ ಇಟ್ಟು ಮತ್ತೆ ಸಾಗಿಸುವಾಗ ಸಿಕ್ಕಿಬಿದ್ರು. ಅವಳ ಗಾಡಿ ಎಲ್ಲಿಗೆ ಹೋಯ್ತೋ ಗೊತ್ತಿಲ್ಲ ಅಮ್ಮ."

ಗೋಡೆಗೆ ಒರಗಿ ನಿಂತಿದ್ದ ಚಿನಕುರುಳಿ ಮುಂದೆ ಬಂದಳು. "ದೂರು ಕೊಟ್ಟವಳು ನಾನು" ಎಂದಳು.

ಆ ಹೆಂಗಸು ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಹಾಗಾದ್ರೆ ನಾನು ಹೊರಗೆ ಬಂದಿದ್ದೂ ನಿಮ್ಮಿಂದ್ಲೇ" ಎಂದಳು.

ತಾಯಿ ಪೆಟ್ಟಿಗೆಗೆ ಬಿದ್ದ ಗಾಜನ್ನು ಎತ್ತಿ ಬಟ್ಟೆಯಲ್ಲಿ ಸುತ್ತಿಟ್ಟಳು. ಆಮೇಲೆ ಕೇಳಿದಳು, "ಹೆಸರೇನು ಅವಳದು?"

"ಅಲ್ಲಿ ನಮಗೆಲ್ಲ ಗಂಡಸರ ಹೆಸರು ಇಟ್ಟಿದ್ರು ಅಮ್ಮ. ನಿಜವಾದ ಹೆಸರು ಹೇಳಿದ್ರೆ ಹೊಡೀತಿದ್ರು."

"ನೋಡೋಕೆ ಹೇಗಿದ್ಲು?"

"ಸಣ್ಣಗೆ. ಎಡಗೈಯವಳು. ಕುರ್ಚಿ ಮೇಲೂ ಚಕ್ಕಳಮಕ್ಕಳ ಹಾಕ್ಕೊಂಡೇ ಕೂರೋಳು. ಮುಂದಿನ ಹಲ್ಲು ಅರ್ಧ ಮುರಿದಿತ್ತು, ನಕ್ಕರೆ ಕೈ ಅಡ್ಡ ಇಟ್ಕೋತಿದ್ಲು."

"ಎತ್ತರ?"

ಆ ಹೆಂಗಸು ಎದ್ದು ನಿಂತು ತನ್ನ ಕಿವಿಯ ಹತ್ತಿರ ಕೈ ಹಿಡಿದು ತೋರಿಸಿದಳು. ತಾಯಿ ಎದ್ದು ಹೋಗಿ, ಆ ಕೈಯ ಕೆಳಗೆ, ಗಾಳಿಯಲ್ಲಿ ತನ್ನ ಅಂಗೈ ಇಟ್ಟಳು. ಒಂದು ತಲೆಯ ಮೇಲೆ ಇಟ್ಟಂತೆ. ಆಗ ಮಾತ್ರ ಅವಳಿಗೆ ಅಳು ಬಂತು. ಅಷ್ಟು ದಿನ ತಡೆದಿದ್ದೆಲ್ಲ ಒಟ್ಟಿಗೆ ಬಂತು. ಮಗಳು ಬಂದು ಬೆನ್ನು ಹಿಡಿದುಕೊಂಡಾಗ ಅವಳು ಬಿಡಿಸಿಕೊಳ್ಳಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ತಾಯಿಯೇ ಮಾತು ತೆಗೆದಳು.

"ನೀನು ತಪ್ಪು ಮಾಡಿದೆ ಅಂತ ನಾನು ಹೇಳಲ್ಲ. ಆ ಹೆಂಗಸನ್ನ ನೋಡಿದ್ಮೇಲೆ ಹೇಳೋಕೂ ಆಗಲ್ಲ. ಆದ್ರೆ ಕೋಪ ಇದೆ ನಂಗೆ, ಹೋಗಿಲ್ಲ. ಸುಳ್ಳು ಹೇಳಲ್ಲ ನಿಂಗೆ."

"ಇರ್ಲಿ ಅಮ್ಮ."

"ನಾನು ಮೊದಲೇ ನಿಂಗೆ ಹೇಳಿದ್ರೆ ಆಗ್ತಿತ್ತೇನೋ. ಅದೂ ಇದೆ."

ಚಿನಕುರುಳಿಗೆ ಪದವಿ ಸಿಕ್ಕಿತು. ಪ್ರಾಜೆಕ್ಟಿನ ಇನ್ನರ್ಧವನ್ನು ಅವಳು ಅಡುಗೆಮನೆಯಲ್ಲಿ, ತಾಯಿ ಹೇಳುತ್ತಾ ಹೋದಂತೆ ಬರೆದಳು. ಖಾತೆ ಮುಚ್ಚುವ ಮೊದಲು ಅದರ ಹಿಂದೆ ಕೂತವರು ಯಾರೆಂದು ಪೊಲೀಸರು ನೋಡಬೇಕು, ಜಾಗ ಗೊತ್ತಾಗುವವರೆಗೆ ದಾರಿ ತೆರೆದಿಡಬೇಕು ಎಂದು ಅದರಲ್ಲಿತ್ತು. ಅದನ್ನು ಓದಿದ ಸೈಬರ್ ಪೊಲೀಸರು ಅವಳನ್ನು ಕೆಲಸಕ್ಕೆ ಕರೆದರು. ಈಗ ಅವಳ ಮೇಜಿಗೆ ದೂರು ಬಂದರೆ ಅವಳು ಮೊದಲು ಓದುವುದು ಹೊಂದಿಕೆಯಾಗದ ಸಾಲುಗಳನ್ನು. ಕೆಲವು ಸಲ ಜನ ಸಿಕ್ಕಿದ್ದಾರೆ. ಒಮ್ಮೆ ಒಂದು ಇಡೀ ಮಹಡಿಯೇ ಸಿಕ್ಕಿತು.

ಆ ಹುಡುಗಿ ಸಿಕ್ಕಿಲ್ಲ. ಬಿಡಿಸಿಕೊಂಡು ತಂದವರನ್ನು ಆಶ್ರಯ ಮನೆಗೆ ಕರೆತಂದಾಗಲೆಲ್ಲ ತಾಯಿ ಪೆಟ್ಟಿಗೆ ಹಿಡಿದು ಹೋಗುತ್ತಾಳೆ. ಕಣ್ಣು ನೋಡುವ ಮೊದಲು ಎಲ್ಲರಿಗೂ ಒಂದು ಕಾಗದ, ಪೆನ್ನು ಕೊಟ್ಟು, ಹೆಸರು ಬರೆಯಮ್ಮ ಎನ್ನುತ್ತಾಳೆ. ಯಾರು ಯಾವ ಕೈಯಲ್ಲಿ ಬರೆಯುತ್ತಾರೆಂದು ನೋಡುತ್ತಾ ನಿಲ್ಲುತ್ತಾಳೆ.